ಪುಟಗಳ ನಡುವೆ ಸಿಕ್ಕಿಸಿದ ಬೆರಳು

(ಮಕ್ಕಳ ಗ್ರಂಥಾಲಯವೊಂದರ ಬೇಸಿಗೆ ಶಿಬಿರದಲ್ಲಿ ಪೋಷಕರು ಮತ್ತು ಶಿಕ್ಷಕರ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಕೇಳಿದ ಎರಡು ಪ್ರಶ್ನೆಗಳನ್ನೂ ಸೇರಿಸಿದೆ.)

ಎಲ್ಲರಿಗೂ ನಮಸ್ಕಾರ. ಕಥೆಪುಸ್ತಕ ಓದುವಾಗ ಒಂದು ಬೆರಳನ್ನು ಹಿಂದಿನ ಪುಟದಲ್ಲೇ ಸಿಕ್ಕಿಸಿಕೊಂಡು, ಇನ್ನೊಂದು ಕೈಯಲ್ಲಿ ಮುಂದಿನ ಪುಟ ಹುಡುಕಿದವರು ಇಲ್ಲಿ ಎಷ್ಟು ಜನ ಇದ್ದೀರಿ? ಕೆಲವರು ಕೈಯೆತ್ತಿದ್ದೀರಿ, ಜೊತೆಗೆ ನಗುತ್ತಲೂ ಇದ್ದೀರಿ. ಹಾಗಾದರೆ ಇವತ್ತಿನ ವಿಷಯ ಏನು ಅಂತ ನಿಮಗೆ ಆಗಲೇ ಗೊತ್ತಾಗಿದೆ. ಉಳಿದವರಿಗೆ ಸ್ವಲ್ಪ ವಿವರಿಸುತ್ತೇನೆ.

ಗೇಮ್‌ಬುಕ್ ಅಂತ ಒಂದು ಜಾತಿಯ ಮಕ್ಕಳ ಪುಸ್ತಕಗಳಿವೆ. 80, 90ರ ದಶಕದಲ್ಲಿ ಇಂಗ್ಲಿಷ್ ಓದುವ ಮಕ್ಕಳ ಕೈಯಲ್ಲಿ ಇವು ತುಂಬಾ ಓಡಾಡಿದವು. ಇವನ್ನು ಮೊದಲ ಪುಟದಿಂದ ಕೊನೆಯ ಪುಟದ ತನಕ ಸಾಲಾಗಿ ಓದುವ ಹಾಗಿಲ್ಲ. ಒಂದೆರಡು ಪುಟ ಆದಮೇಲೆ ಕಥೆ ನಿಲ್ಲುತ್ತದೆ. ಗುಹೆಯೊಳಗೆ ಹೋಗುತ್ತೀಯಾ, ಹಾಗಾದರೆ ಇಂಥ ಪುಟ. ವಾಪಸ್ ಹೋಗುತ್ತೀಯಾ, ಹಾಗಾದರೆ ಇನ್ನೊಂದು ಪುಟ. ಕಥೆಯ ನಾಯಕ ರಾಮನೂ ಅಲ್ಲ, ಭೀಮನೂ ಅಲ್ಲ. ಪುಸ್ತಕ ಹಿಡಿದು ಕೂತ ಮಗುವೇ ನಾಯಕ. ನೀನು ಬಾಗಿಲು ತೆರೆದೆ, ನೀನು ಬಿದ್ದೆ, ನೀನು ಗೆದ್ದೆ. ಕಥೆ ಪೂರ್ತಿ ಹೀಗೇ ನಡೆಯುತ್ತದೆ.

ಈ ಪುಸ್ತಕಗಳ ಬಗ್ಗೆ ಮಾತು ಬಂದಾಗಲೆಲ್ಲ ಜನ ಹೇಳುವುದು ಒಂದೇ: ಮಕ್ಕಳಿಗೆ ಆಯ್ಕೆ ಸಿಕ್ಕಿತು, ಅದಕ್ಕೇ ಇಷ್ಟ ಆಯಿತು. ನಿಜವೇ. ಆದರೆ ನನಗೆ ನೆನಪಿರುವುದು, ಈಗಲೂ ಆಸೆಯಾಗುವುದು, ಹಿಂದಿನ ಪುಟದಲ್ಲಿ ಸಿಕ್ಕಿಸಿದ ಆ ಬೆರಳು. ತಪ್ಪು ದಾರಿ ಹಿಡಿದರೆ ವಾಪಸ್ ಬರಬಹುದು. ಬಿಟ್ಟ ದಾರಿಯಲ್ಲಿ ಏನಿತ್ತು ಅಂತ ಹೋಗಿ ನೋಡಬಹುದು. ಹಾಗೆ ಹೋಗಿ ಬಂದು, ಹೋಗಿ ಬಂದು, ಕಥೆಯನ್ನು ಹೇಗೆ ಕಟ್ಟಿದ್ದಾರೆ ಅನ್ನುವುದು ಮಗುವಿಗೆ ತಾನಾಗೇ ಗೊತ್ತಾಗುತ್ತಿತ್ತು. ಈ ಹೊತ್ತು ನಾನು ಮಾತಾಡಬೇಕು ಅಂದುಕೊಂಡಿರುವುದು ಇದರ ಬಗ್ಗೆಯೇ.

ಇದು ಹುಟ್ಟಿದ್ದು ಮಕ್ಕಳನ್ನು ಮಲಗಿಸುವಾಗ. ಎಡ್ವರ್ಡ್ ಪ್ಯಾಕರ್ಡ್ ಅಂತ ಅಮೆರಿಕದ ಒಬ್ಬ ವಕೀಲರು. 60ರ ದಶಕದಲ್ಲಿ ತಮ್ಮ ಹೆಣ್ಣುಮಕ್ಕಳಿಗೆ ರಾತ್ರಿ ಪೀಟ್ ಎಂಬ ಹುಡುಗನ ಕಥೆ ಹೇಳುತ್ತಿದ್ದರು. ಒಂದು ರಾತ್ರಿ ಕಥೆ ಮುಂದಕ್ಕೆ ಹೋಗಲೇ ಇಲ್ಲ. ಅಪ್ಪನಿಗೆ ಏನೂ ತೋಚಲಿಲ್ಲ. ಈಗ ಪೀಟ್ ಏನು ಮಾಡಬೇಕು, ನೀವೇ ಹೇಳಿ ಅಂದರು. ಒಬ್ಬೊಬ್ಬ ಮಗಳು ಒಂದೊಂದು ಹೇಳಿದಳು. ಪ್ಯಾಕರ್ಡ್ ಯಾರ ಮಾತನ್ನೂ ಬಿಡದೆ ಎರಡು ದಾರಿಗೂ ಒಂದೊಂದು ಕೊನೆ ಕಟ್ಟಿದರು. ಇಲ್ಲಿ ಕೂತಿರುವ ಅಪ್ಪ ಅಮ್ಮಂದಿರಲ್ಲಿ ಎಷ್ಟೋ ಜನಕ್ಕೆ ಇದು ಹೊಸದಲ್ಲ, ಅಲ್ವಾ? ನಿದ್ದೆ ತೂಗುತ್ತಿರುತ್ತದೆ, ಮಗು 'ಆಮೇಲೆ?' ಅನ್ನುತ್ತದೆ, ನಾವು ಪ್ರಶ್ನೆಯನ್ನು ಅದಕ್ಕೇ ವಾಪಸ್ ಹಾಕುತ್ತೇವೆ. ಪ್ಯಾಕರ್ಡ್ ಅದನ್ನು ಅಲ್ಲಿಗೇ ಬಿಡಲಿಲ್ಲ. 1969ರಲ್ಲಿ ಕೂತು ಅದೇ ರೀತಿಯಲ್ಲಿ ಒಂದು ಪುಸ್ತಕ ಬರೆದರು. ಹೆಸರು 'ಶುಗರ್‌ಕೇನ್ ಐಲ್ಯಾಂಡ್'. ಪ್ರಕಾಶಕರು ಯಾರೂ ತೆಗೆದುಕೊಳ್ಳಲಿಲ್ಲ. ಇದು ಕಥೆಯೋ ಆಟವೋ ಅಂತ ಯಾರಿಗೂ ತಿಳಿಯಲಿಲ್ಲ. ಹಸ್ತಪ್ರತಿ ವರ್ಷಗಟ್ಟಲೆ ಡ್ರಾಯರ್‌ನಲ್ಲೇ ಇತ್ತು. ಕೊನೆಗೆ 1976ರಲ್ಲಿ ವರ್ಮಾಂಟ್ ರಾಜ್ಯದ ಒಂದು ಸಣ್ಣ ಪ್ರಕಾಶನ ಅದನ್ನು ಅಚ್ಚು ಮಾಡಿತು. ಅದನ್ನು ನಡೆಸುತ್ತಿದ್ದವರಲ್ಲಿ ಆರ್. ಎ. ಮಾಂಟ್ಗೊಮೆರಿ ಒಬ್ಬರು. ಮುಂದೆ ಅವರೂ ಇಂಥ ಪುಸ್ತಕ ಬರೆಯಲು ಶುರು ಮಾಡಿದರು.

1979ರಲ್ಲಿ ಬ್ಯಾಂಟಮ್ ಎಂಬ ದೊಡ್ಡ ಪ್ರಕಾಶನ ಇದನ್ನು ಕೈಗೆತ್ತಿಕೊಂಡಿತು. 'ಚೂಸ್ ಯುವರ್ ಓನ್ ಅಡ್ವೆಂಚರ್' ಅನ್ನುವ ಮಾಲಿಕೆ ಹೊರಬಂತು. ಮೊದಲ ಪುಸ್ತಕ ಪ್ಯಾಕರ್ಡ್ ಬರೆದ 'ದಿ ಕೇವ್ ಆಫ್ ಟೈಮ್'. ಗುಹೆಯೊಳಗೆ ಹೊಕ್ಕ ನೀನು ಬೇರೆ ಬೇರೆ ಕಾಲಕ್ಕೆ ಹೋಗಿ ಬೀಳುತ್ತೀಯ. ಒಂದು ದಾರಿಯಲ್ಲಿ ಹಿಮಯುಗ, ಇನ್ನೊಂದು ದಾರಿಯಲ್ಲಿ ಟೈಟಾನಿಕ್ ಹಡಗು. ನೂರಾ ಹದಿನೈದು ಪುಟದ ಆ ಪುಟ್ಟ ಪುಸ್ತಕದಲ್ಲಿ 40 ಕೊನೆಗಳಿದ್ದವು. 1998ರಲ್ಲಿ ಬ್ಯಾಂಟಮ್ ಮಾಲಿಕೆ ನಿಲ್ಲಿಸುವ ಹೊತ್ತಿಗೆ 180ಕ್ಕೂ ಹೆಚ್ಚು ಪುಸ್ತಕಗಳು ಬಂದಿದ್ದವು. ಹಲವಾರು ಭಾಷೆಗಳಲ್ಲಿ 25 ಕೋಟಿಗೂ ಜಾಸ್ತಿ ಪ್ರತಿ ಮಾರಾಟವಾದವು.

ಇವರೇ ಮೊದಲಿಗರೇನಲ್ಲ. 1930ರಲ್ಲೇ ಡೋರಿಸ್ ವೆಬ್‌ಸ್ಟರ್, ಮೇರಿ ಆಲ್ಡೆನ್ ಹಾಪ್‌ಕಿನ್ಸ್ ಎಂಬ ಇಬ್ಬರು ಮಹಿಳೆಯರು ಸೇರಿ 'ಕನ್ಸಿಡರ್ ದ ಕಾನ್ಸಿಕ್ವೆನ್ಸಸ್!' ಅಂತ ಒಂದು ಪುಸ್ತಕ ತಂದಿದ್ದರು. ಓದುವವರೇ ದಾರಿ ಆರಿಸಬೇಕಿತ್ತು. ಅದು ದೊಡ್ಡವರಿಗಾಗಿ ಬರೆದದ್ದು, ಪ್ರೀತಿ ಮದುವೆ ಕೆಲಸದ ಕಥೆ. ಕಾಲ ಕೂಡಿ ಬರಲಿಲ್ಲ, ಜನ ಮರೆತುಬಿಟ್ಟರು. ಇವರಿಬ್ಬರ ಹೆಸರು ಇನ್ನಷ್ಟು ಜನರಿಗೆ ಗೊತ್ತಾಗಬೇಕು ಅನ್ನುವ ಆಸೆಯಿಂದ ಹೇಳಿದೆ.

ಇನ್ನು ನನಗೆ ತುಂಬಾ ಪ್ರೀತಿಯ ಪುಸ್ತಕದ ವಿಷಯ. 1982ರಲ್ಲಿ ಪ್ಯಾಕರ್ಡ್ 'ಇನ್‌ಸೈಡ್ ಯುಎಫ್‌ಓ 54-40' ಅಂತ ಒಂದು ಪುಸ್ತಕ ಬರೆದರು. ನೀನು ಕಾಂಕಾರ್ಡ್ ವಿಮಾನದಲ್ಲಿ ನ್ಯೂಯಾರ್ಕ್‌ನಿಂದ ಲಂಡನ್ನಿಗೆ ಹೊರಟಿದ್ದೀಯ. ನಡುದಾರಿಯಲ್ಲಿ ಅನ್ಯಗ್ರಹದವರು ನಿನ್ನನ್ನು ಎತ್ತಿ ತಮ್ಮ ನೌಕೆಯೊಳಗೆ ಹಾಕಿಕೊಳ್ಳುತ್ತಾರೆ. ಆ ನೌಕೆಯಲ್ಲಿ ಎಲ್ಲರ ಬಾಯಲ್ಲೂ ಒಂದು ಗ್ರಹದ ಮಾತು, ಅಲ್ಟಿಮಾ. ಸ್ವರ್ಗದಂಥ ಜಾಗ. ಆದರೆ ಅಲ್ಲಿಗೆ ಆಯ್ಕೆ ಮಾಡಿಕೊಂಡು ಹೋಗಲು ಸಾಧ್ಯವಿಲ್ಲ, ಸೂಚನೆ ಪಾಲಿಸಿದರೂ ಆಗುವುದಿಲ್ಲ ಅಂತ ಪುಸ್ತಕ ಮೊದಲೇ ಹೇಳಿಬಿಡುತ್ತದೆ.

ಮಕ್ಕಳು ಒಂದೊಂದೇ ದಾರಿ ಹಿಡಿದು ನೋಡಿದರು. ಅಲ್ಟಿಮಾ ಸಿಗಲಿಲ್ಲ. ಎಲ್ಲ ದಾರಿ ಮುಗಿಸಿದರೂ ಸಿಗಲಿಲ್ಲ. ಆದರೆ ಪುಸ್ತಕವನ್ನು ಸುಮ್ನೆ ಮಗುಚಿ ಹಾಕುವಾಗ ನಡುವೆ ಒಂದು ಚಿತ್ರ ಕಣ್ಣಿಗೆ ಬೀಳುತ್ತಿತ್ತು. ಅದೇ ಅಲ್ಟಿಮಾ. ಆ ಪುಟ ಪುಸ್ತಕದೊಳಗೇ ಇದೆ. ಬೇರೆ ಯಾವ ಪುಟವೂ ನಿನ್ನನ್ನು ಅಲ್ಲಿಗೆ ಕಳಿಸುವುದಿಲ್ಲ, ಅಷ್ಟೇ. ಸೂಚನೆ ಮೀರಿ ಪುಟ ತಿರುಗಿಸಿದವರಿಗೆ ಮಾತ್ರ ಅದು ಸಿಗುತ್ತದೆ. ನೀನು ದಾರಿ ಆರಿಸಿ ಬಂದಿಲ್ಲ, ಆದರೂ ಬಂದೆ ಅಂತ ಆ ಪುಟ ಓದುಗನನ್ನು ಸಂತೋಷದಿಂದ ಬರಮಾಡಿಕೊಳ್ಳುತ್ತದೆ.

ಮಕ್ಕಳ ಸಾಹಿತ್ಯದಲ್ಲಿ ಇದಕ್ಕಿಂತ ದೊಡ್ಡ ಮನಸ್ಸಿನ ಪುಟ ನಾನು ಕಂಡಿಲ್ಲ. ಮಕ್ಕಳು ಕದ್ದು ನೋಡುತ್ತಾರೆ ಅಂತ ಪ್ಯಾಕರ್ಡ್‌ಗೆ ಚೆನ್ನಾಗಿ ಗೊತ್ತಿತ್ತು. ಬೈಯಲಿಲ್ಲ. ಕದ್ದು ನೋಡುವವರಿಗೆ ಅಂತಲೇ ಒಂದು ಉಡುಗೊರೆ ಬಚ್ಚಿಟ್ಟರು. ನಿನ್ನ ಕೈಯಲ್ಲಿರುವುದು ಒಂದು ಪುಸ್ತಕ, ಅದರ ಯಾವ ಪುಟವನ್ನು ಬೇಕಾದರೂ ನೀನು ತೆರೆಯಬಹುದು ಅಂತ ಮಗುವಿಗೆ ತೋರಿಸಿಕೊಟ್ಟರು.

ಈಗ ಇಂಥ ಪುಸ್ತಕ ಕಟ್ಟುವುದು ಹೇಗೆ ಅಂತ ಸ್ವಲ್ಪ ನೋಡೋಣ. ಗಣಿತದ ಮೇಷ್ಟ್ರುಗಳು ಇದ್ದೀರಿ, ಖುಷಿಯಾಗುತ್ತದೆ. ಪ್ರತಿ ಸಲ ಎರಡು ದಾರಿ ಕೊಡುತ್ತೇವೆ ಅಂದುಕೊಳ್ಳಿ. ಒಂದು ಆಯ್ಕೆಗೆ ಎರಡು, ಎರಡನೆಯದಕ್ಕೆ ನಾಲ್ಕು, ಮೂರನೆಯದಕ್ಕೆ ಎಂಟು. ಹತ್ತನೇ ಆಯ್ಕೆಯ ಹೊತ್ತಿಗೆ 1024 ಕೊನೆಗಳಾಗುತ್ತವೆ. ಒಂದೊಂದು ತುಣುಕಿಗೆ ಒಂದೊಂದು ಪುಟ ಅಂದರೂ ಎರಡು ಸಾವಿರ ಪುಟ ದಾಟುತ್ತದೆ. ಆದರೆ ಒಂದು ಮಗು ಓದುವುದು ಅದರಲ್ಲಿ ಹನ್ನೊಂದೇ ಪುಟ. ಯಾವ ಪ್ರಕಾಶಕರೂ ಒಪ್ಪುವುದಿಲ್ಲ, ಯಾವ ಲೇಖಕನ ಕೈಯಲ್ಲೂ ಬರೆದು ಮುಗಿಸಲು ಆಗುವುದಿಲ್ಲ.

ಅದಕ್ಕೆ ಲೇಖಕರು ಎರಡು ಉಪಾಯ ಮಾಡಿದರು. ಒಂದು, ಕೆಲವು ದಾರಿಗಳನ್ನು ಬೇಗ ಮುಗಿಸಿಬಿಡುವುದು. ಗುಂಡಿಗೆ ಬಿದ್ದೆ, ಕಥೆ ಮುಗಿಯಿತು. ಇನ್ನೊಂದು ಇದಕ್ಕಿಂತ ಸೊಗಸಾದದ್ದು. ಶಿವನಸಮುದ್ರದಲ್ಲಿ ಕಾವೇರಿ ಎರಡು ಕವಲಾಗಿ, ಗಗನಚುಕ್ಕಿಯಲ್ಲೊಂದು ಭರಚುಕ್ಕಿಯಲ್ಲೊಂದು ಧುಮುಕಿ, ಕೆಳಗೆ ಹೋಗಿ ಮತ್ತೆ ಒಂದಾಗುತ್ತಾಳಲ್ಲ, ಹಾಗೆ ಎರಡು ದಾರಿಗಳನ್ನು ಮುಂದೆ ಒಂದು ಕಡೆ ಸೇರಿಸುವುದು. ಕಾಡಿನ ದಾರಿಯಲ್ಲಿ ಹೋದವನೂ ಹೊಳೆಯ ದಾರಿಯಲ್ಲಿ ಹೋದವನೂ ಕೋಟೆ ಬಾಗಿಲಿಗೇ ಬರುತ್ತಾರೆ. ಆದರೆ ಒಬ್ಬನ ಕೈಯಲ್ಲಿ ಹಗ್ಗ ಇದೆ, ಇನ್ನೊಬ್ಬನ ಕೈಯಲ್ಲಿ ಇಲ್ಲ. ಆ ಹಗ್ಗವೇ ಮುಂದೆ ದೊಡ್ಡ ವ್ಯತ್ಯಾಸ ಮಾಡುತ್ತದೆ. ಎರಡು ದಾರಿಯಲ್ಲೂ ಹೋಗಿ ಬಂದ ಮಗುವಿಗೆ ಈ ಸೇರುವ ಜಾಗ ಥಟ್ಟನೆ ಗೊತ್ತಾಗುತ್ತದೆ. ಅರೆ, ಈ ಪುಟಕ್ಕೆ ಆಗಲೇ ಬಂದಿದ್ದೆ ಅನ್ನುತ್ತದೆ. ಆ ಕ್ಷಣದಲ್ಲಿ ಅದು ಲೇಖಕನ ಕಡೆಯಿಂದ ಕಥೆಯನ್ನು ನೋಡುತ್ತಿದೆ.

ಅಮೆರಿಕದವರು ಪುಟ ತಿರುಗಿಸುವ ಆಟ ಮಾಡಿದರೆ, ಇಂಗ್ಲೆಂಡಿನವರು ಅದಕ್ಕೆ ದಾಳ ಸೇರಿಸಿದರು. ಸ್ಟೀವ್ ಜಾಕ್ಸನ್ ಮತ್ತು ಇಯಾನ್ ಲಿವಿಂಗ್‌ಸ್ಟನ್ ಇಬ್ಬರು ಗೆಳೆಯರು. 1975ರಲ್ಲಿ ಮತ್ತೊಬ್ಬ ಗೆಳೆಯನ ಜೊತೆ ಸೇರಿ ಗೇಮ್ಸ್ ವರ್ಕ್‌ಶಾಪ್ ಎಂಬ ಕಂಪನಿ ಶುರು ಮಾಡಿದ್ದರು. ನಾಲ್ಕಾರು ಜನ ಮೇಜಿನ ಸುತ್ತ ಕೂತು ಆಡುವ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಆಟವನ್ನು ಬ್ರಿಟನ್ನಿಗೆ ತಂದವರು ಇವರೇ. ಆ ಆಟಕ್ಕೆ ಜೊತೆಗಾರರು ಬೇಕು, ಕಥೆ ನಡೆಸುವ ಒಬ್ಬ ಯಜಮಾನ ಬೇಕು. ಒಬ್ಬನೇ ಇದ್ದರೆ ಏನು ಮಾಡುವುದು? ಆ ಯಜಮಾನನ ಕೆಲಸವನ್ನು ಪುಸ್ತಕವೇ ಮಾಡಲಿ ಅಂತ ಇವರು ಯೋಚಿಸಿದರು. 1982ರ ಆಗಸ್ಟಿನಲ್ಲಿ ಪಫಿನ್ ಪ್ರಕಾಶನದಿಂದ 'ದಿ ವಾರ್ಲಾಕ್ ಆಫ್ ಫೈರ್‌ಟಾಪ್ ಮೌಂಟನ್' ಬಂತು. ಬೆಟ್ಟದೊಳಗೆ ಒಬ್ಬ ಮಾಂತ್ರಿಕ, ಅವನ ಹತ್ತಿರ ಒಂದು ಪೆಟ್ಟಿಗೆ ನಿಧಿ. ಮೊದಲರ್ಧ ಲಿವಿಂಗ್‌ಸ್ಟನ್ ಬರೆದರು, ಉಳಿದರ್ಧ ಜಾಕ್ಸನ್. ಬೆಟ್ಟದೊಳಗೆ ಹರಿಯುವ ಒಂದು ನದಿಯೇ ಇಬ್ಬರ ಗಡಿ. ಅಲ್ಲಿಂದ 'ಫೈಟಿಂಗ್ ಫ್ಯಾಂಟಸಿ' ಮಾಲಿಕೆ ಶುರುವಾಗಿ 1995ರ ತನಕ 59 ಪುಸ್ತಕಗಳಾದವು.

ಇದರಲ್ಲಿ ಪುಟದ ಬದಲು ಭಾಗಗಳಿಗೆ ಸಂಖ್ಯೆ ಇತ್ತು, ಒಂದರಿಂದ 400ರ ತನಕ. ಅವನ್ನು ಬೇಕಂತಲೇ ಕಲಸಿ ಇಟ್ಟಿದ್ದರು. 71ನೇ ಭಾಗದ ಪಕ್ಕದ 72ಕ್ಕೂ ನಿನ್ನ ಕಥೆಗೂ ಸಂಬಂಧ ಇರುವುದಿಲ್ಲ. ಶುರು ಮಾಡುವ ಮುಂಚೆ ಎರಡು ದಾಳ, ಒಂದು ಪೆನ್ಸಿಲ್, ಒಂದು ರಬ್ಬರ್ ಬೇಕು. ದಾಳ ಹಾಕಿ ಮೂರು ಸಂಖ್ಯೆ ಪಡೆಯಬೇಕು: ಸ್ಕಿಲ್ ಅಂದರೆ ಕೌಶಲ, ಸ್ಟ್ಯಾಮಿನಾ ಅಂದರೆ ತ್ರಾಣ, ಲಕ್ ಅಂದರೆ ಅದೃಷ್ಟ. ರಾಕ್ಷಸ ಎದುರಾದರೆ ಅವನಿಗೊಂದು ಸಲ ದಾಳ, ನಿನಗೊಂದು ಸಲ ದಾಳ. ಬಂದದ್ದಕ್ಕೆ ಅವರವರ ಸ್ಕಿಲ್ ಕೂಡಿಸು. ಯಾರದು ಕಡಿಮೆಯೋ ಅವರ ಸ್ಟ್ಯಾಮಿನಾದಲ್ಲಿ ಎರಡು ಕಳೆ. ಸೊನ್ನೆಗೆ ಬಂದವನು ಸತ್ತ. ಬುತ್ತಿಯಲ್ಲಿ ಹತ್ತು ಊಟ ಇದೆ, ಒಂದು ಊಟ ಮಾಡಿದರೆ ನಾಲ್ಕು ಸ್ಟ್ಯಾಮಿನಾ ವಾಪಸ್.

ನಾನು ನಿಮ್ಮ ಗಮನ ಸೆಳೆಯಬೇಕು ಅಂದುಕೊಂಡಿರುವುದು ಲಕ್ ಕಡೆಗೆ. ಅದೃಷ್ಟ ಪರೀಕ್ಷಿಸು ಅಂತ ಪುಸ್ತಕ ಹೇಳಿದಾಗ ಎರಡು ದಾಳ ಹಾಕಬೇಕು. ಮೊತ್ತ ನಿನ್ನ ಲಕ್ ಸಂಖ್ಯೆಯಷ್ಟೇ ಇದ್ದರೆ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಬಚಾವ್. ಆದರೆ ಗೆದ್ದರೂ ಸೋತರೂ ಲಕ್‌ನಲ್ಲಿ ಒಂದು ಕಳೆಯಬೇಕು. ಒಂಬತ್ತು ಇದ್ದದ್ದು ಎಂಟಾಗುತ್ತದೆ, ಎಂಟು ಏಳಾಗುತ್ತದೆ. ಎರಡು ದಾಳ ಬೀಳಲು 36 ಬಗೆ ಇವೆ. ಲಕ್ ಒಂಬತ್ತಿದ್ದಾಗ ಅದರಲ್ಲಿ 30 ಬಗೆ ನಿನ್ನ ಪರ. ಏಳಕ್ಕಿಳಿದರೆ 21. ಐದಕ್ಕಿಳಿದರೆ ಬರೀ 10. ಅದೃಷ್ಟವನ್ನು ಬಳಸಿದಷ್ಟೂ ಅದು ಸವೆಯುತ್ತದೆ, ಸವೆಯುವ ವೇಗವೂ ಹೆಚ್ಚುತ್ತದೆ. ಸಂಭವನೀಯತೆ ಅನ್ನುವ ಪಾಠ ಶಾಲೆಯಲ್ಲಿ ಬರುವ ಎಷ್ಟೋ ಮುಂಚೆ ಮಕ್ಕಳಿಗೆ ಇದು ಹೊಟ್ಟೆಯೊಳಗೇ ಗೊತ್ತಾಗುತ್ತಿತ್ತು. ಈಗ ಬೇಡ, ಮುಂದೆ ಬೇಕಾಗಬಹುದು ಅಂತ ಅದೃಷ್ಟವನ್ನು ಉಳಿಸಿಕೊಳ್ಳುತ್ತಿದ್ದರು. ನಾನೂ ಉಳಿಸಿಕೊಳ್ಳುತ್ತಿದ್ದೆ.

ನಮ್ಮ ಕೈಗೆ ಈ ಪುಸ್ತಕಗಳು ಬಂದದ್ದು ಬೆಂಗಳೂರಿನ ಬಾಡಿಗೆ ಲೈಬ್ರರಿಗಳಿಂದ, ಹಳೆ ಪುಸ್ತಕದ ಅಂಗಡಿಗಳಿಂದ. ದಾಳ ಮನೆಯ ಲೂಡೋ ಡಬ್ಬಿಯದು, ಇನ್ನೊಂದು ಪಕ್ಕದ ಮನೆಯ ಹಾವು ಏಣಿಯದು. ಫೈಟಿಂಗ್ ಫ್ಯಾಂಟಸಿ ಪುಸ್ತಕಗಳ ಶುರುವಿನಲ್ಲಿ ಅಡ್ವೆಂಚರ್ ಶೀಟ್ ಅಂತ ಒಂದು ಹಾಳೆ ಇರುತ್ತದೆ. ಚೌಕಗಳಲ್ಲಿ ನಿನ್ನ ಸಂಖ್ಯೆ, ಕೆಳಗೆ ಒಂದೊಂದು ರಾಕ್ಷಸನಿಗೆ ಒಂದೊಂದು ಚೌಕ. ಲೈಬ್ರರಿ ಪ್ರತಿಯಲ್ಲಿ ಆ ಹಾಳೆ ನೋಡಬೇಕಿತ್ತು. ಒಬ್ಬರು ಬರೆದು ಅಳಿಸಿದ ಮೇಲೆ ಇನ್ನೊಬ್ಬರು ಬರೆದಿದ್ದಾರೆ. ರಬ್ಬರ್ ಉಜ್ಜಿ ಉಜ್ಜಿ ಕಾಗದ ತೆಳ್ಳಗಾಗಿದೆ. ಬೆಳಕಿಗೆ ಹಿಡಿದರೆ ಹಳೆಯ ಅಂಕಿಗಳು ಕಾಣುತ್ತವೆ. ಯಾರೋ ಸ್ಕಿಲ್ 12 ಅಂತ ಬರೆದುಕೊಂಡಿದ್ದಾರೆ, ಅದು ಸಿಗಬಹುದಾದ ಅತಿ ದೊಡ್ಡ ಸಂಖ್ಯೆ. ಒಂದು ಭಾಗದ ಅಂಚಿನಲ್ಲಿ ಪೆನ್ಸಿಲಿನಲ್ಲಿ 'ಹೋಗಬೇಡ' ಅಂತ ಇಂಗ್ಲಿಷಿನಲ್ಲಿ ಬರೆದಿತ್ತು. ಯಾರು ಬರೆದದ್ದೋ ಏನೋ. ಮುಂದೆ ಬರುವ ಗೊತ್ತಿಲ್ಲದ ಒಂದು ಮಗುವಿಗೆ ಎಚ್ಚರಿಕೆ ಕೊಟ್ಟು ಹೋಗಿದ್ದರು. ಎಲ್ಲರೂ ಒಬ್ಬೊಬ್ಬರೇ ಕೂತು ಆಡುವ ಆಟ, ಆದರೂ ಆ ಹಾಳೆಯಲ್ಲಿ ಎಷ್ಟು ಜನರ ಜೊತೆ ಇತ್ತು!

ಫೈರ್‌ಟಾಪ್ ಪುಸ್ತಕದ ಕೊನೆಯೂ ಚೆನ್ನಾಗಿದೆ. ಮಾಂತ್ರಿಕನನ್ನು ಸೋಲಿಸಿದರೆ ಸಾಲದು. ಪೆಟ್ಟಿಗೆಗೆ ಬೀಗ ಇದೆ. ದಾರಿಯಲ್ಲಿ ಸಿಕ್ಕ ಕೀಲಿಕೈಗಳ ಮೇಲೆ ಸಂಖ್ಯೆ ಕೆತ್ತಿರುತ್ತದೆ. ಸರಿಯಾದ ಮೂರನ್ನು ಆರಿಸಿ, ಸಂಖ್ಯೆಗಳನ್ನು ಕೂಡಿಸಿ, ಬಂದ ಮೊತ್ತದ ಭಾಗಕ್ಕೆ ಹೋಗಬೇಕು. ಅಂದರೆ ಪುಟದಲ್ಲಿ ಇಂಥಲ್ಲಿಗೆ ಹೋಗು ಅಂತ ಬರೆದೇ ಇರುವುದಿಲ್ಲ. ಉತ್ತರ ನಿನ್ನ ಚೀಲದಲ್ಲಿದೆ. ಬೆರಳು ಸಿಕ್ಕಿಸಿದವನಿಗೂ ಇಲ್ಲಿ ಸುಲಭವಿಲ್ಲ, ಎಲ್ಲೆಲ್ಲಿ ಕೀಲಿ ಬಿಟ್ಟು ಬಂದೆ ಅಂತ ನಕ್ಷೆ ಬರೆದು ಮತ್ತೆ ಹೊರಡಬೇಕು. ಲಿವಿಂಗ್‌ಸ್ಟನ್ ಅವರಿಗೆ ಮಕ್ಕಳ ಈ ಅಭ್ಯಾಸ ಚೆನ್ನಾಗಿ ಗೊತ್ತು. ಐದು ಬೆರಳೂ ಐದು ಪುಟದಲ್ಲಿ ಸಿಕ್ಕಿಸಿಕೊಂಡು ಓದುವ ಮಕ್ಕಳ ಬಗ್ಗೆ ಅವರು ಮಾತು ಮಾತಿಗೂ ಪ್ರೀತಿಯಿಂದ ಹೇಳುತ್ತಾರೆ.

ಪ್ರೀತಿ ಇದೆ ಅಂತ ಎಲ್ಲವನ್ನೂ ಹೊಗಳಲಾರೆ. ಈ ಪುಸ್ತಕಗಳಲ್ಲಿ ಕೆಟ್ಟ ಆಯ್ಕೆಗಳು ಬೇಕಾದಷ್ಟಿವೆ. ಎಡಕ್ಕೆ ಹೋಗುತ್ತೀಯೋ ಬಲಕ್ಕೆ ಹೋಗುತ್ತೀಯೋ ಅಂತ ಕೇಳಿ, ಯಾವ ಸುಳಿವೂ ಕೊಡದೆ, ಎಡಕ್ಕೆ ಹೋದವನನ್ನು ಕೊಂದುಬಿಡುವುದು. ಅದು ಆಯ್ಕೆಯಲ್ಲ, ನಾಣ್ಯ ಚಿಮ್ಮುವುದು. 1984ರಲ್ಲಿ ಲಿವಿಂಗ್‌ಸ್ಟನ್ ಬರೆದ 'ಡೆತ್‌ಟ್ರ್ಯಾಪ್ ಡಂಜನ್' ತುಂಬಾ ಜನಪ್ರಿಯ. ಮೂರು ರತ್ನ ಹುಡುಕಿ ತಂದರೆ ಮಾತ್ರ ಹೊರಗೆ ಬರಬಹುದು, ಒಂದು ಬಿಟ್ಟರೂ ಮುಗಿಯಿತು. ಅದರಲ್ಲಿ ಬರುವ ಊರಿನ ಹೆಸರು ಫ್ಯಾಂಗ್, ಒಡೆಯನ ಹೆಸರು ಸುಕುಮ್ವಿಟ್. ಬ್ಯಾಂಕಾಕಿನಲ್ಲಿ ಸುಖುಮ್ವಿಟ್ ರಸ್ತೆ ಇದೆ, ಉತ್ತರ ಥಾಯ್ಲೆಂಡಿನಲ್ಲಿ ಫಾಂಗ್ ಅಂತಲೇ ಒಂದು ಊರಿದೆ. ಅಲ್ಲಿಗೆ ಹೋದಾಗ ಈ ಹೆಸರುಗಳನ್ನು ನೋಡಿ ಖುಷಿಪಟ್ಟವರಲ್ಲಿ ನಾನೂ ಒಬ್ಬ. ಆದರೂ ಆ ಪುಸ್ತಕ ಮಕ್ಕಳ ಮೇಲೆ ತುಂಬಾ ಕಠಿಣ ಅನ್ನುವುದು ನನ್ನ ಅಭಿಪ್ರಾಯ.

ಹೋಲಿಸಿದರೆ 1986ರ 'ಕ್ರಿಯೇಚರ್ ಆಫ್ ಹ್ಯಾವೊಕ್' ಕಷ್ಟದ ಪುಸ್ತಕವೇ, ಆದರೆ ಕಷ್ಟಕ್ಕೆ ಅರ್ಥ ಇದೆ. ಬರೆದವರು ಜಾಕ್ಸನ್. ಇದರಲ್ಲಿ ರಾಕ್ಷಸ ನೀನೇ. ಶುರುವಿನಲ್ಲಿ ನಿನಗೆ ಯೋಚಿಸುವ ಶಕ್ತಿ ಇಲ್ಲ, ಹಾಗಾಗಿ ಎಷ್ಟೋ ಕಡೆ ದಾರಿಯನ್ನು ದಾಳವೇ ತೀರ್ಮಾನ ಮಾಡುತ್ತದೆ. ಮನುಷ್ಯರ ಮಾತು ಅರ್ಥವಾಗುವುದಿಲ್ಲ, ಅವರು ಆಡಿದ್ದೆಲ್ಲ ಕಲಸಿದ ಅಕ್ಷರಗಳಾಗಿ ಅಚ್ಚಾಗಿದೆ. ಕಥೆ ಸಾಗಿದ ಹಾಗೆ ಆ ಅಕ್ಷರ ಬಿಡಿಸುವ ಗುಟ್ಟು ಸಿಗುತ್ತದೆ, ಬುದ್ಧಿ ಬರುತ್ತದೆ, ಆಗ ಆಯ್ಕೆಯೂ ನಿನ್ನದಾಗುತ್ತದೆ. ಆಯ್ಕೆ ಅಂದರೆ ಏನು ಅಂತ ತೋರಿಸಲು ಅದನ್ನು ಮೊದಲು ಕಿತ್ತುಕೊಂಡರು. ಎಂಥ ಯೋಚನೆ!

ಇಷ್ಟೆಲ್ಲ ಸಾಯುವ ಕಥೆ ಮಕ್ಕಳಿಗೆ ಬೇಕಾ ಅಂತ ಆಗಲೂ ಕೇಳಿದ್ದರು. ಬ್ರಿಟನ್ನಿನಲ್ಲಿ ಇವಾಂಜೆಲಿಕಲ್ ಅಲಯನ್ಸ್ ಎಂಬ ಕ್ರೈಸ್ತ ಸಂಘಟನೆ ಈ ಪುಸ್ತಕಗಳ ವಿರುದ್ಧ ಎಚ್ಚರಿಕೆಯ ಕಿರುಹೊತ್ತಗೆ ಹೊರಡಿಸಿತು. ನನ್ನ ಉತ್ತರ ಬೇರೆ ಕಡೆಯಿಂದ ಬರುತ್ತದೆ. 50ರ ದಶಕದ ಕೊನೆಗೆ ನಾರ್ಮನ್ ಕ್ರೌಡರ್ ಎಂಬವರು ಅಮೆರಿಕದಲ್ಲಿ ಟ್ಯೂಟರ್‌ಟೆಕ್ಸ್ಟ್ ಅಂತ ಕಲಿಕೆಯ ಪುಸ್ತಕಗಳನ್ನು ತಂದರು. ಒಂದು ಪ್ರಶ್ನೆ, ಮೂರು ನಾಲ್ಕು ಉತ್ತರ, ಪ್ರತಿ ಉತ್ತರಕ್ಕೂ ಒಂದು ಪುಟ. ತಪ್ಪು ಉತ್ತರ ಆರಿಸಿದರೆ ಆ ಪುಟದಲ್ಲಿ ತಪ್ಪು ಅಂತಷ್ಟೇ ಇರುವುದಿಲ್ಲ. ನೀನು ಹೀಗೆ ಯೋಚಿಸಿರಬಹುದು, ಇಲ್ಲಿ ಜಾರಿತು, ಹಿಂದಿನ ಪುಟಕ್ಕೆ ಹೋಗಿ ಮತ್ತೆ ನೋಡು ಅಂತ ಇರುತ್ತದೆ. ಶಿಕ್ಷಕರೇ, ದಯವಿಟ್ಟು ಇದನ್ನು ಮನಸ್ಸಿನಲ್ಲಿಡಿ. ತಪ್ಪು ಉತ್ತರಕ್ಕೂ ಪೂರ್ತಿ ಒಂದು ಪುಟ. ಗೇಮ್‌ಬುಕ್‌ನಲ್ಲೂ ಅಷ್ಟೇ. ಮಗು ತಪ್ಪಿದರೆ ಅದಕ್ಕೆ ಬೈಗುಳ ಸಿಗುವುದಿಲ್ಲ, ಒಂದು ಕಥೆ ಸಿಗುತ್ತದೆ. ಕೆಲವು ಸಲ ಗೆದ್ದ ಕಥೆಗಿಂತ ಅದೇ ಚೆನ್ನಾಗಿರುತ್ತದೆ.

ದಾಳ ಇಲ್ಲದ ಮಕ್ಕಳಿಗೂ ಒಬ್ಬರು ದಾರಿ ಮಾಡಿದರು. ಜೋ ಡೆವರ್ 1984ರಲ್ಲಿ ಶುರು ಮಾಡಿದ 'ಲೋನ್ ವುಲ್ಫ್' ಮಾಲಿಕೆಯಲ್ಲಿ ಪುಸ್ತಕದ ಕೊನೆಗೆ ಅಂಕಿಗಳ ಒಂದು ಪಟ್ಟಿ ಇದೆ. ಕಣ್ಣು ಮುಚ್ಚಿ ಪೆನ್ಸಿಲ್ ಇಟ್ಟು ನೋಡು, ಸಿಕ್ಕಿದ ಅಂಕಿ ನಿನ್ನದು. ಒಂದು ಪುಸ್ತಕದಲ್ಲಿ ಬದುಕುಳಿದರೆ ಅದೇ ವೀರನನ್ನು ಮುಂದಿನ ಪುಸ್ತಕಕ್ಕೆ ಕರೆದುಕೊಂಡು ಹೋಗಬಹುದು. 1999ರಲ್ಲಿ ಡೆವರ್ ತಮ್ಮ ಪುಸ್ತಕಗಳನ್ನು ಇಂಟರ್‌ನೆಟ್ಟಿನಲ್ಲಿ ಉಚಿತವಾಗಿ ಹಾಕಲು ಓದುಗರಿಗೆ ಒಪ್ಪಿಗೆ ಕೊಟ್ಟರು. ಪ್ರಾಜೆಕ್ಟ್ ಏಯಾನ್ ಎಂಬ ಅಭಿಮಾನಿಗಳ ಬಳಗ ಆ ಕೆಲಸ ಮಾಡಿತು. ಡೆವರ್ 2016ರಲ್ಲಿ ತೀರಿಕೊಂಡರು. ಬರವಣಿಗೆಯಿಂದ ಬದುಕಿದ ಒಬ್ಬ ಮನುಷ್ಯ ಹೀಗೆ ಕೊಟ್ಟು ಹೋಗುವುದು ಸಣ್ಣ ವಿಷಯವಲ್ಲ.

ಆಮೇಲೆ ಕಂಪ್ಯೂಟರ್ ಆಟಗಳು ಬಂದವು, ಮಕ್ಕಳು ಆ ಕಡೆ ಹೋದರು. 90ರ ದಶಕದಲ್ಲಿ ಆರ್. ಎಲ್. ಸ್ಟೈನ್ ಅವರ 'ಗಿವ್ ಯುವರ್‌ಸೆಲ್ಫ್ ಗೂಸ್‌ಬಂಪ್ಸ್' ಇನ್ನೊಂದು ಪೀಳಿಗೆಯನ್ನು ಹಿಡಿದಿಟ್ಟಿತು, ಈಗ ಮೂವತ್ತರ ಆಸುಪಾಸಿನಲ್ಲಿ ಇರುವವರಿಗೆ ನೆನಪಿರಬಹುದು. 2018ರಲ್ಲಿ ನೆಟ್‌ಫ್ಲಿಕ್ಸ್ 'ಬ್ಯಾಂಡರ್‌ಸ್ನ್ಯಾಚ್' ಎಂಬ ಚಿತ್ರ ತಂದಿತು. ನೋಡುವವರೇ ರಿಮೋಟ್ ಒತ್ತಿ ಕಥೆ ಆರಿಸಬೇಕಿತ್ತು. ಅದರಲ್ಲಿ ಚೂಸ್ ಯುವರ್ ಓನ್ ಅಡ್ವೆಂಚರ್ ಹೆಸರು ಬಳಸಿದ್ದಕ್ಕೆ, ಮಾಂಟ್ಗೊಮೆರಿ ಕಟ್ಟಿದ ಚೂಸ್‌ಕೋ ಕಂಪನಿ 2019ರಲ್ಲಿ ಮೊಕದ್ದಮೆ ಹೂಡಿತು. ಮರುವರ್ಷ ರಾಜಿಯಾಯಿತು. ಚಿತ್ರ ಚೆನ್ನಾಗಿದೆ. ಆದರೆ ಪರದೆಯ ಮೇಲೆ ನಾನು ಬಿಟ್ಟ ದಾರಿ ಎಲ್ಲಿ ಹೋಯಿತು ಅಂತ ಕಾಣುವುದಿಲ್ಲ. ಪುಸ್ತಕದಲ್ಲಿ ಅದು ಕೈಯಲ್ಲೇ ಇರುತ್ತದೆ. ಇನ್ನೂ ಓದದ ಪುಟಗಳ ದಪ್ಪ ಬೆರಳಿಗೆ ಸಿಗುತ್ತದೆ. ಆ್ಯಪ್ ನನಗೆ ತೋರಿಸಬೇಕು ಅಂದುಕೊಂಡದ್ದನ್ನು ಮಾತ್ರ ತೋರಿಸುತ್ತದೆ. ಅಲ್ಟಿಮಾ ಅಲ್ಲಿ ಇದ್ದರೂ ಮಗುವಿಗೆ ಸಿಗುವುದಿಲ್ಲ.

ಕನ್ನಡದ ವಿಷಯಕ್ಕೆ ಬರುತ್ತೇನೆ. ಕೇಳುವವನನ್ನು ಕಥೆಯೊಳಗೆ ಎಳೆಯುವುದು ನಮಗೆ ಹೊಸದಲ್ಲ. ಚಂದಮಾಮದ ಬೇತಾಳ ಕಥೆ ಓದಿ ಬೆಳೆದವರು ನಾವು. ಉತ್ತರ ಗೊತ್ತಿದ್ದೂ ಹೇಳದಿದ್ದರೆ ತಲೆ ಸಾವಿರ ಹೋಳಾಗುತ್ತದೆ ಅಂದ ಕೂಡಲೇ ರಾಜನಿಗಿಂತ ಮುಂಚೆ ನಾವು ಉತ್ತರ ಹುಡುಕುತ್ತಿದ್ದೆವು. ಆದರೆ ನಮ್ಮ ಉತ್ತರದಿಂದ ಕಥೆ ಬದಲಾಗುತ್ತಿರಲಿಲ್ಲ. ಬೇತಾಳ ಮರಕ್ಕೆ ಹಾರುವುದು ಹಾರುವುದೇ. ಬದಲಾಗುವ ಕಥೆಯನ್ನು ಕನ್ನಡದ ಮಕ್ಕಳಿಗೆ ಕೊಡಬೇಕು, ಅವರ ಕೈಯಲ್ಲೇ ಬರೆಸಬೇಕು ಅನ್ನುವುದು ನನ್ನ ಆಸೆ. ಹಳೆಯದನ್ನು ನೆನೆದು ಕೂರುವುದಕ್ಕಿಂತ ಇದು ನನಗೆ ಮುಖ್ಯ.

ಒಂದು ತುಣುಕು ಬರೆದು ತಂದಿದ್ದೇನೆ, ಓದುತ್ತೇನೆ. 'ಮಳೆ ಜೋರಾಗಿದೆ. ಶಾಲೆ ಬಿಟ್ಟು ಮನೆಗೆ ಹೊರಟಿದ್ದೀಯ, ಕೈಹಿಡಿದುಕೊಂಡು ತಂಗಿ ಇದ್ದಾಳೆ. ಮುಂದೆ ಕಾಲುಸಂಕ. ಹಳ್ಳದ ನೀರು ಕೆಂಪಾಗಿದೆ, ಸಂಕಕ್ಕೆ ಇನ್ನೊಂದು ಗೇಣು ಬಾಕಿ. ಬೆಳಗ್ಗೆ ದಾಟುವಾಗ ಮೂರನೇ ಮರ ಅಲ್ಲಾಡಿತ್ತು. ಸುತ್ತುದಾರಿಯಲ್ಲಿ ಹೋದರೆ ಕತ್ತಲಾಗುತ್ತದೆ, ಟಾರ್ಚ್ ಇಲ್ಲ. ದಾಟುತ್ತೀಯಾ? ಸುತ್ತಿ ಹೋಗುತ್ತೀಯಾ?' ನೋಡಿ, ಇಲ್ಲಿ ಎಡವೋ ಬಲವೋ ಅನ್ನುವ ಕುರುಡು ಪ್ರಶ್ನೆ ಇಲ್ಲ. ನೀರು ಎಷ್ಟಿದೆ ಗೊತ್ತು, ಮರ ಅಲ್ಲಾಡಿದ್ದು ಗೊತ್ತು, ತಂಗಿ ಇದ್ದಾಳೆ ಗೊತ್ತು. ಮಲೆನಾಡಿನ ಮಗು ಇದನ್ನು ಓದಿದರೆ ನನಗಿಂತ ಚೆನ್ನಾಗಿ ಯೋಚಿಸುತ್ತದೆ. ಮಗು ಏನೇ ಆರಿಸಿದರೂ ಅದಕ್ಕೆ ಕಾರಣ ಇರಬೇಕು, ಆರಿಸಿದ್ದರಿಂದ ಏನಾದರೂ ಆಗಬೇಕು.

ಮಾತು ಮುಗಿದ ಮೇಲೆ ತಾಯಿಯೊಬ್ಬರು ಕೇಳಿದರು: "ಸರ್, ಹಿಂದಿನ ಪುಟಕ್ಕೆ ಹೋಗಿ ಬದಲಾಯಿಸಿಕೊಳ್ಳಬಹುದು ಅಂದರೆ ಮಕ್ಕಳಿಗೆ ಮೋಸ ಕಲಿಸಿದ ಹಾಗಾಗುವುದಿಲ್ಲವೇ?"

ಇಲ್ಲಮ್ಮ, ನನಗೆ ಹಾಗನ್ನಿಸುವುದಿಲ್ಲ. ಇನ್ನೊಬ್ಬರನ್ನು ವಂಚಿಸಿದರೆ ಮೋಸ. ಇಲ್ಲಿ ಮಗು ಒಂದೇ ಕೂತಿದೆ, ವಂಚಿಸಲು ಯಾರೂ ಇಲ್ಲ. ಒಂದು ಸಲ ನಿಯಮದ ಪ್ರಕಾರ ಆಡುತ್ತದೆ, ಸಾಯುತ್ತದೆ. ಆಮೇಲೆ ಬೇರೆ ದಾರಿಯಲ್ಲಿ ಏನಾಗುತ್ತಿತ್ತು ಅಂತ ನೋಡುತ್ತದೆ. ಇದು ಕುತೂಹಲ. ನಿಜವಾದ ಬದುಕಿನಲ್ಲಿ ಹಾಗೆ ಹೋಗಿ ನೋಡಲು ಆಗುವುದಿಲ್ಲ, ಅದಕ್ಕೇ ಪುಸ್ತಕದಲ್ಲಿ ನೋಡಲಿ. ನಿಮ್ಮ ಮಗು ಬೆರಳು ಸಿಕ್ಕಿಸಿಕೊಂಡು ಓದುತ್ತಿದ್ದರೆ ಬೆರಳು ತೆಗೆ ಅನ್ನಬೇಡಿ.

ಸರ್ಕಾರಿ ಶಾಲೆಯ ಮೇಷ್ಟ್ರೊಬ್ಬರು ಕೇಳಿದರು: "ನಮ್ಮಲ್ಲಿ ಕಂಪ್ಯೂಟರ್ ಇಲ್ಲ. ತರಗತಿಯಲ್ಲಿ ಇದನ್ನು ಮಾಡಿಸುವುದು ಹೇಗೆ?"

ಕಂಪ್ಯೂಟರ್ ಇದ್ದರೆ ಟ್ವೈನ್ ಅಂತ ಉಚಿತ ತಂತ್ರಾಂಶ ಇದೆ, 2009ರಲ್ಲಿ ಕ್ರಿಸ್ ಕ್ಲಿಮಸ್ ಎಂಬವರು ತಯಾರಿಸಿದ್ದು. ಯೂನಿಕೋಡ್ ಕನ್ನಡದಲ್ಲೇ ಬರೆಯಬಹುದು. ಇಲ್ಲದಿದ್ದರೆ ಇನ್ನೂ ಒಳ್ಳೆಯದು, ಚೀಟಿ ಸಾಕು. ಹನ್ನೆರಡು ಚೀಟಿಗಿಂತ ಜಾಸ್ತಿ ಬೇಡ ಮೊದಲ ಸಲ. ಒಂದು ಗುಂಪಿಗೆ ನಾಲ್ಕೈದು ಮಕ್ಕಳು. ಮೊದಲ ಚೀಟಿ ನೀವು ಬರೆದುಕೊಡಿ, ಕೊನೆಗಳನ್ನು ಅವರು ಮೊದಲೇ ಯೋಚಿಸಲಿ. ಮೂರು ಕೊನೆ ಇರಲಿ, ಅದರಲ್ಲಿ ಕನಿಷ್ಠ ಒಂದು ಸೋಲಿನದು, ಆದರೆ ಅದನ್ನೇ ತುಂಬಾ ಚೆನ್ನಾಗಿ ಬರೆಯಬೇಕು ಅಂತ ಹೇಳಿ. ನಡುವೆ ಎರಡು ದಾರಿ ಸೇರುವ ಒಂದು ಚೀಟಿ ಇರಲೇಬೇಕು, ಇಲ್ಲದಿದ್ದರೆ ಚೀಟಿ ಸಾಲುವುದಿಲ್ಲ. ನೆಲದ ಮೇಲೆ ಹರಡಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು ಜೋಡಿಸಲಿ. ಜೋಡಣೆ ಪೂರ್ತಿ ಆಗುವ ತನಕ ಸಂಖ್ಯೆ ಹಾಕಬೇಡಿ, ಹಾಕಿದರೆ ಪ್ರತಿ ಸಲ ಅಳಿಸಬೇಕಾಗುತ್ತದೆ. ಎಲ್ಲ ಆದಮೇಲೆ ಚೀಟಿ ಕಲಸಿ, ಸಂಖ್ಯೆ ಹಾಕಿ, ಹೊಲಿದು ಪುಸ್ತಕ ಮಾಡಿ ಪಕ್ಕದ ಗುಂಪಿಗೆ ಕೊಡಿ. ಅವರು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ ಅಂತ ಬರೆದವರು ಸುಮ್ಮನೆ ಕೂತು ನೋಡಲಿ, ಬಾಯಿ ಬಿಡಬಾರದು. ತಿದ್ದುವುದೆಲ್ಲ ಆಗ ಅವರಿಗೇ ಗೊತ್ತಾಗುತ್ತದೆ. ಒಂದು ಚೀಟಿಗೆ ಮಾತ್ರ ಎಲ್ಲಿಂದಲೂ ದಾರಿ ಇಡಬೇಡಿ. ಅದರಲ್ಲಿ ಏನು ಬರೆಯಬೇಕು ಅನ್ನುವುದನ್ನು ಮಕ್ಕಳೇ ತೀರ್ಮಾನ ಮಾಡಲಿ, ನಿಮಗೂ ಹೇಳುವುದು ಬೇಡ.